ಕ್ಯೋಟೊದ ಮಾರಿಯೋ ಕುರಿಚಿಗೆ ಬಂದ ಬಗೆ

ಹಳದಿ ಪ್ಲಾಸ್ಟಿಕ್ಕಿನ ಆ ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ಒಂದು ಕೋಟಿ ಆಟಕ್ಕೆ ಒಂದೇ ಒಂದು ಕಡಿಮೆ! ಟಿ.ವಿ.ಗೆ ಜೋಡಿಸಿದ ಗೇಮ್ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದರೆ ಒಳಗಿರುತ್ತಿದ್ದದ್ದು ಬೆರಳೆಣಿಕೆಯ ಆಟಗಳು. ಪಟ್ಟಿ ಮಾತ್ರ ಪುಟದ ಮೇಲೆ ಪುಟ ಉರುಳುತ್ತಲೇ ಇರುತ್ತಿತ್ತು. ಅದೇ ಮಾರಿಯೋ ಹತ್ತಾರು ಹೆಸರಿನಲ್ಲಿ ಬರುತ್ತಿದ್ದ. ಒಂದು ಕಡೆ ಮೊದಲಿನಿಂದ, ಇನ್ನೊಂದು ಕಡೆ ನೇರ ಮೂರನೇ ಸ್ಟೇಜಿನಿಂದ, ಮತ್ತೊಂದು ಕಡೆ ನಾಲ್ಕು ಲೈಫ್ ಹೆಚ್ಚು ಹೊತ್ತುಕೊಂಡು. ಮೋಸ ಹೋದೆವೆಂದು ಅಂಗಡಿಯವನ ಜೊತೆ ಜಗಳಕ್ಕೆ ಹೋದವರು ಕಡಿಮೆ. ಇದ್ದ ಐದಾರು ಆಟ ಮುಗಿಸುವಷ್ಟರಲ್ಲಿಯೇ ಬೇಸಿಗೆ ರಜೆ ಮುಗಿದಿರುತ್ತಿತ್ತು.

1990ರ ದಶಕದಲ್ಲಿ ಈ ಪೆಟ್ಟಿಗೆ ನುಗ್ಗದ ಊರಿಲ್ಲ. ಕೊಯಮತ್ತೂರಿನಿಂದ ಪೊಳ್ಳಾಚಿ ರಸ್ತೆ ಹಿಡಿದು ಉಕ್ಕಡಂ ದಾಟಿದರೆ ಸಿಗುವ ಕುರಿಚಿಯಂಥ ಊರನ್ನೇ ತೆಗೆದುಕೊಳ್ಳಿ. ಒಂದು ಕಡೆ ದೊಡ್ಡ ಕೆರೆ, ಇನ್ನೊಂದು ಕಡೆ ಸಿಡ್ಕೋ ಕೈಗಾರಿಕಾ ಪ್ರದೇಶದ ಲೇತ್ ಸದ್ದು. 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಗೆ ಸೇರುವವರೆಗೂ ಅದಕ್ಕೆ ಅದರದೇ ಆಡಳಿತವಿತ್ತು. ಈ ಸೀಮೆ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದದ್ದು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು ಎಂಬಂತೆ ಬದುಕುವ ದೇವಾಂಗ ನೇಕಾರರೂ ಒಕ್ಕಲಿಗರೂ ಜಿಲ್ಲೆಯ ತುಂಬ ಇಂದಿಗೂ ಇದ್ದಾರೆ. ಅಂಥ ಮನೆಗಳ ಮಕ್ಕಳಿಗೆ ಅದು ಬರೀ ‘ಟಿ.ವಿ. ಗೇಮ್’. ಪೆಟ್ಟಿಗೆಯ ಮೇಲೆ ಸಮುರಾಯ್ ಎಂದೋ ಲಿಟ್ಲ್ ಮಾಸ್ಟರ್ ಎಂದೋ ಬರೆದಿರುತ್ತಿತ್ತು. ಅದನ್ನು ಮೊದಲು ಕಟ್ಟಿದ ಕಂಪನಿಯ ಹೆಸರು ಎಲ್ಲೂ ಇರುತ್ತಿರಲಿಲ್ಲ. ಆ ಹೆಸರು ನಿಂಟೆಂಡೊ, ಊರು ಜಪಾನಿನ ಕ್ಯೋಟೊ.

ವಿಡಿಯೋ ಗೇಮಿನ ಇತಿಹಾಸವನ್ನು ಸಾಮಾನ್ಯವಾಗಿ ಹೊಸ ಹೊಸ ಯಂತ್ರಗಳ ಮೆರವಣಿಗೆಯಂತೆ ಹೇಳುತ್ತಾರೆ: ಒಂದು ಬಂತು, ಅದಕ್ಕಿಂತ ಚುರುಕಾದದ್ದು ಇನ್ನೊಂದು ಬಂತು. ಅಮೆರಿಕ, ಜಪಾನುಗಳಲ್ಲಿ ಅದು ಸರಿಯೇ ಇರಬಹುದು. ನಮ್ಮ ಕಡೆ ನಡೆದದ್ದು ಹಳೆಯ, ಅಗ್ಗದ ಯಂತ್ರವೊಂದು ತನ್ನ ಕಾಲ ಮುಗಿದ ಮೇಲೂ ಹದಿನೈದಿಪ್ಪತ್ತು ವರ್ಷ ಜನರನ್ನು ಆಡಿಸಿದ ಕಥೆ. ಈ ಕಥೆಗೆ ಕ್ಯೋಟೊದಲ್ಲೇ ಒಬ್ಬ ತಾತ್ವಿಕನಿದ್ದ ಎನ್ನುವುದು ನನಗೆ ತುಂಬ ಇಷ್ಟದ ಸಂಗತಿ. ಅವನಲ್ಲಿಗೆ ಬರೋಣ, ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ.

1958ರ ಅಕ್ಟೋಬರಿನಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ ನೋಡಲು ಬರುವ ಜನರಿಗೆ ಬೇಸರವಾಗದಿರಲೆಂದು ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಆಸಿಲೋಸ್ಕೋಪಿನ ಪುಟ್ಟ ಪರದೆಯ ಮೇಲೆ ಟೆನಿಸ್ ಆಡಿಸಿದ. 1962ರಲ್ಲಿ ಎಂ.ಐ.ಟಿ.ಯ ಹುಡುಗರು ಪಿಡಿಪಿ-1 ಕಂಪ್ಯೂಟರಿನ ಮೇಲೆ ‘ಸ್ಪೇಸ್‌ವಾರ್’ ಬರೆದರು. ಮನೆಯ ಟಿ.ವಿ.ಗೆ ಆಟ ತರಬಹುದೆಂದು 1966ರಲ್ಲಿ ಟಿಪ್ಪಣಿ ಗೀಚಿಕೊಂಡವನು ರಾಲ್ಫ್ ಬೇಯರ್. ಅವನ ಯೋಚನೆಯೇ 1972ರಲ್ಲಿ ಮ್ಯಾಗ್ನವಾಕ್ಸ್ ಒಡಿಸ್ಸಿ ಎಂಬ ಮೊದಲ ಮನೆ ಕನ್ಸೋಲ್ ಆಗಿ ಮಾರುಕಟ್ಟೆಗೆ ಬಂತು. ಅದರಲ್ಲಿ ಸದ್ದಿಲ್ಲ, ಬಣ್ಣವಿಲ್ಲ, ಲೆಕ್ಕ ಇಡುವ ಪ್ರೊಸೆಸರ್ ಕೂಡ ಇಲ್ಲ. ಪರದೆಯ ಮೇಲೆ ಬಿಳಿ ಚುಕ್ಕೆಗಳು ಓಡಾಡುತ್ತವೆ. ಮೈದಾನದ ಚಿತ್ರ ಬಿಡಿಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಟಿ.ವಿ. ಗಾಜಿಗೆ ಅಂಟಿಸಿಕೊಳ್ಳಬೇಕು, ಅಂಕವನ್ನು ನಾವೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಅದೇ ವರ್ಷ ಅಟಾರಿ ಕಂಪನಿಯ, ನಾಣ್ಯ ಹಾಕಿ ಆಡುವ ‘ಪಾಂಗ್’ ಕ್ಯಾಲಿಫೋರ್ನಿಯಾದ ಒಂದು ಮದ್ಯದಂಗಡಿಗೆ ಬಂತು. ಕೆಲವೇ ದಿನಗಳಲ್ಲಿ ಕೆಟ್ಟಿತು. ತೆಗೆದು ನೋಡಿದರೆ ಹುಂಡಿಯಲ್ಲಿ ನಾಣ್ಯ ತುಂಬಿ ಕಟ್ಟಿಕೊಂಡಿತ್ತಂತೆ.

ಇವೆಲ್ಲದಕ್ಕಿಂತ ದೊಡ್ಡ ಹೆಜ್ಜೆ 1976ರದು. ಅಲ್ಲಿಯವರೆಗೆ ಯಂತ್ರದೊಳಗೇ ಆಟ ಬೆಸುಗೆಯಾಗಿರುತ್ತಿತ್ತು. ಫೇರ್‌ಚೈಲ್ಡ್ ಕಂಪನಿಯ ‘ಚಾನಲ್ ಎಫ್’ ಯಂತ್ರದಲ್ಲಿ ಜೆರ್ರಿ ಲಾಸನ್ ಎಂಬ ಕಪ್ಪುವರ್ಣೀಯ ಎಂಜಿನಿಯರ್ ನೇತೃತ್ವದ ತಂಡ ಆಟವನ್ನು ಯಂತ್ರದಿಂದ ಬಿಡಿಸಿ, ಕೈಯಲ್ಲಿ ಹಿಡಿದು ಸಿಕ್ಕಿಸುವ ಡಬ್ಬಿಗೆ ತುಂಬಿತು. ನಾವು ಮುಂದೆ ‘ಕ್ಯಾಸೆಟ್’ ಎಂದು ಕರೆದದ್ದು ಇದನ್ನೇ. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ಮಗ್ಗದ ಮೇಲೆ ಕೂತ ಜಕಾರ್ಡ್ ಮಾಡುವುದೂ ಅದನ್ನೇ. ರಂಧ್ರ ಕೊರೆದ ರಟ್ಟಿನ ಕಾರ್ಡುಗಳ ಸರವನ್ನು ಬದಲಿಸಿದರೆ ಮಗ್ಗ ಅದೇ ಇದ್ದು ಸೆರಗು ಬೇರೆಯಾಗುತ್ತದೆ. ರಂಧ್ರವಿದ್ದರೆ ಹಾಸಿನ ಎಳೆ ಮೇಲೆದ್ದಿತು, ಇಲ್ಲದಿದ್ದರೆ ಅಲ್ಲೇ ಕೂತಿತು. ಒಂದು, ಸೊನ್ನೆ. ಫ್ರಾನ್ಸಿನಲ್ಲಿ 1804ರ ಸುಮಾರಿಗೆ ಹುಟ್ಟಿದ ಈ ಉಪಾಯವನ್ನು ಕಲಿತು ಬರಲು 1872ರಲ್ಲಿ ಜಪಾನಿನ ಒಂದು ಊರಿನವರು ನೇಕಾರರನ್ನು ಲಿಯಾನಿಗೆ ಕಳಿಸಿದರು. ಮರುವರ್ಷ ಜಕಾರ್ಡ್ ಆ ಊರು ಸೇರಿತು. ಆ ಊರೇ ಕ್ಯೋಟೊ, ಅದರ ನಿಶಿಜಿನ್ ಎಂಬ ರೇಷ್ಮೆ ನೇಕಾರರ ಕೇರಿ. ಹದಿನಾರು ವರ್ಷಗಳ ನಂತರ, 1889ರಲ್ಲಿ, ಅದೇ ಕ್ಯೋಟೊದಲ್ಲಿ ಫುಸಾಜಿರೊ ಯಾಮಾಉಚಿ ಹೂವಿನ ಚಿತ್ರದ ಇಸ್ಪೀಟು ಎಲೆ ಮಾಡುವ ಅಂಗಡಿ ತೆರೆದ. ಅದು ನಿಂಟೆಂಡೊ.

ಆ ಇಸ್ಪೀಟು ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳಲು 1965ರಲ್ಲಿ ಸೇರಿದ ಗುನ್‌ಪೇಯ್ ಯೊಕೊಯ್ ನಾನು ಮೇಲೆ ಹೇಳಿದ ತಾತ್ವಿಕ. ಬಿಡುವಿನಲ್ಲಿ ಅವನು ಮಾಡಿಕೊಂಡಿದ್ದ ಚಾಚುವ ಇಕ್ಕಳದಂಥ ಆಟಿಕೆಯನ್ನು ಯಜಮಾನ ನೋಡಿದ. ಬೈಗುಳ ಬೀಳಬೇಕಿತ್ತು, ಬದಲಿಗೆ ಅದನ್ನೇ ಮಾರಾಟಕ್ಕೆ ಸಿದ್ಧಮಾಡು ಎಂಬ ಅಪ್ಪಣೆ ಬಂತು. ಮುಂದೊಮ್ಮೆ ರೈಲಿನಲ್ಲಿ ಬೇಸರಕ್ಕೆ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕೂತಿದ್ದ ಒಬ್ಬನನ್ನು ಕಂಡು, ಆ ಕಾಲಕ್ಕೆ ಅಗ್ಗವಾಗಿಬಿಟ್ಟಿದ್ದ ಕ್ಯಾಲ್ಕುಲೇಟರ್ ಪರದೆಯಿಂದಲೇ 1980ರಲ್ಲಿ ‘ಗೇಮ್ ಆ್ಯಂಡ್ ವಾಚ್’ ಮಾಡಿದ. ಅದೇ ಸಾಲಿನ ಒಂದು ಆಟಕ್ಕಾಗಿ 1982ರಲ್ಲಿ ಹೆಬ್ಬೆರಳಿನ ಕೆಳಗೆ ಕೂರುವ ಕೂಡುಗುರುತಿನ ಗುಂಡಿ ರೂಪಿಸಿದ. ಇಂದಿಗೂ ಬಹುತೇಕ ಪ್ರತಿ ಕನ್ಸೋಲಿನ ಕಂಟ್ರೋಲರಿನ ಎಡಗಡೆ ಅದರ ವಂಶಸ್ಥನಿದ್ದಾನೆ. ಯೊಕೊಯ್ ನಂಬಿದ್ದು ಇಷ್ಟು: ಹೊಸ ತಂತ್ರಜ್ಞಾನದ ಹಿಂದೆ ಓಡಬೇಡ, ಎಲ್ಲರಿಗೂ ಗೊತ್ತಾಗಿ, ಬೆಲೆ ಇಳಿದು, ಬಾಡಿದಂತಿರುವ ತಂತ್ರಜ್ಞಾನ ತಗೋ, ಅದನ್ನು ಯಾರೂ ಯೋಚಿಸದ ಕೆಲಸಕ್ಕೆ ಹಚ್ಚು. 1989ರ ಅವನ ಗೇಮ್ ಬಾಯ್‌ಗೆ ಬಣ್ಣವಿರಲಿಲ್ಲ. ಎದುರಾಳಿ ಅಟಾರಿ ಲಿಂಕ್ಸ್, ಸೆಗಾ ಗೇಮ್ ಗಿಯರ್‌ಗಳು ಬಣ್ಣ ಚೆಲ್ಲುತ್ತ ಆರು ಸೆಲ್ ನುಂಗಿ ಕೆಲವು ಗಂಟೆಗಳಲ್ಲಿ ನಂದಿಹೋಗುತ್ತಿದ್ದವು; ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಅದರ ಎಷ್ಟೋ ಪಟ್ಟು ನಡೆಯಿತು, ಗೆದ್ದಿತು.

1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ಮುಗ್ಗರಿಸಿ ಬಿತ್ತು. ಕೆಟ್ಟ ಆಟಗಳು ರಾಶಿ ಬಿದ್ದು, ಮಾರಾಟವಾಗದ ಕ್ಯಾಸೆಟ್ಟುಗಳನ್ನು ಅಟಾರಿ ನ್ಯೂ ಮೆಕ್ಸಿಕೊದ ಕಸದ ಗುಂಡಿಯಲ್ಲಿ ಹೂತಿತು. (2014ರಲ್ಲಿ ಅಗೆದು ತೆಗೆದರು.) ಅದೇ 1983ರ ಜುಲೈ 15ರಂದು ನಿಂಟೆಂಡೊ 14,800 ಯೆನ್ನಿಗೆ ‘ಫ್ಯಾಮಿಲಿ ಕಂಪ್ಯೂಟರ್’ ಬಿಡುಗಡೆ ಮಾಡಿತು. ಜಪಾನಿನವರು ಚುಟುಕಾಗಿ ಫ್ಯಾಮಿಕಾಮ್ ಎಂದರು. ನಮ್ಮ ಮನೆಗಳ ಪೆಟ್ಟಿಗೆಗಳೆಲ್ಲ ಇದರ ನಕಲು.

ಮಸಾಯುಕಿ ಉಎಮುರಾ ಕಟ್ಟಿದ ಈ ಯಂತ್ರದ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅದರ ಬಡತನದಲ್ಲೇ ಅದರ ಜಾಣತನವಿದೆ. ಕೆಲಸಕ್ಕಿದ್ದ ಮೆಮೊರಿ 2 ಕಿಲೋಬೈಟ್. ಪರದೆ 256 ಚುಕ್ಕಿ ಅಗಲ, 240 ಚುಕ್ಕಿ ಎತ್ತರ. ಅಷ್ಟೂ ಚುಕ್ಕಿಗಳನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳಲು ಆ ಯಂತ್ರಕ್ಕೆ ಜಾಗವೇ ಇಲ್ಲ. ಹಾಗಾಗಿ ಅದು ಎಂಟಕ್ಕೆಂಟು ಚುಕ್ಕಿಯ ಪುಟ್ಟ ಚೌಕಗಳನ್ನು ಮಾತ್ರ ಕ್ಯಾಸೆಟ್ಟಿನಿಂದ ಓದುತ್ತದೆ. ಹಿನ್ನೆಲೆಗೆ 256 ಚೌಕ, ಓಡಾಡುವ ಗೊಂಬೆಗಳಿಗೆ 256. ಇಡೀ ಲೋಕವನ್ನು ಇವುಗಳ ಪುನರಾವರ್ತನೆಯಿಂದಲೇ ನೇಯಬೇಕು. ಗ್ರಾಫ್ ಹಾಳೆಯ ಮನೆಗಳನ್ನು ತುಂಬಿ ಒಂದು ಬುಟ್ಟಾ ಬರೆದು, ಅದನ್ನೇ ಸೀರೆಯ ಮೈತುಂಬ ಹೊರಳಿಸುವ ಡಿಸೈನರನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಶಿಗೆರು ಮಿಯಾಮೊಟೊ ಮತ್ತು ಸಂಗಡಿಗರು ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಹಂತಗಳನ್ನು ಯೋಜಿಸಿದ್ದೂ ಗ್ರಾಫ್ ಹಾಳೆಗಳ ಮೇಲೆಯೇ.

1985ರ ಸೆಪ್ಟೆಂಬರಿನ ಆ ಆಟದ ಒಟ್ಟು ತೂಕ 40 ಕಿಲೋಬೈಟ್. ಇಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ‘ಶುಭೋದಯ’ ಚಿತ್ರ ಅದಕ್ಕಿಂತ ಭಾರ. ಉಳಿತಾಯ ಹೇಗೆ ಮಾಡಿದರೆನ್ನುವುದಕ್ಕೆ ಒಂದು ಉದಾಹರಣೆ ಸಾಕು: ಮೇಲೆ ತೇಲುವ ಬಿಳಿ ಮೋಡವೂ ಕೆಳಗಿನ ಹಸಿರು ಪೊದೆಯೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಸಾವಿರ ಸಲ ಆಡಿದವರಲ್ಲೂ ಬಹಳ ಮಂದಿ ಇದನ್ನು ಗಮನಿಸಿಲ್ಲ. ಮಾರಿಯೋನ ಮುಖವೂ ಇಂಥದ್ದೇ ಅಭಾವದ ಮಗು. 1981ರ ‘ಡಾಂಕಿ ಕಾಂಗ್’ನಲ್ಲಿ ಅವನಿಗೆ ಸಿಕ್ಕಿದ್ದು ಕೆಲವೇ ಚುಕ್ಕಿಗಳ ಪುಟ್ಟ ಜಾಗ. ಬಾಯಿ ಬರೆಯಲಾಗದೆ ಮೀಸೆ ಇಟ್ಟರು, ಕೂದಲು ಬರೆಯುವ ತಲೆನೋವು ಬೇಡವೆಂದು ಟೋಪಿ ಹಾಕಿದರು, ಓಡುವಾಗ ಕೈ ಬೀಸುವುದು ಕಾಣಲೆಂದು ಬೇರೆ ಬಣ್ಣದ ಮೇಲಂಗಿ ತೊಡಿಸಿದರು. ಜಗತ್ತಿನ ಅತಿ ಪರಿಚಿತ ಮುಖಗಳಲ್ಲೊಂದು ಹೀಗೆ ಚುಕ್ಕಿಗಳ ಕೊರತೆಯಿಂದ ಆಯಿತು. ‘ಕಾಂಟ್ರಾ’ ಆಟದಲ್ಲಿ ಶತ್ರುಗಳೂ ಗುಂಡುಗಳೂ ಮುತ್ತಿಕೊಂಡಾಗ ಚಿತ್ರ ಮಿಣುಕುತ್ತಿದ್ದದ್ದು ನೆನಪಿದೆಯೇ? ಟಿ.ವಿ. ಕೆಟ್ಟಿದೆಯೆಂದು ತಲೆಗೊಂದು ಏಟು ಹಾಕುತ್ತಿದ್ದೆವು. ತಪ್ಪು ಟಿ.ವಿ.ಯದಲ್ಲ, ಒಂದು ಅಡ್ಡಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚು ಬಿಡಿಗೊಂಬೆಗಳನ್ನು ತೋರಿಸಲು ಆ ಚಿಪ್ಪಿಗೆ ಬರುತ್ತಿರಲಿಲ್ಲ.

ಇಷ್ಟು ಸರಳವಾದ ಯಂತ್ರವನ್ನು ನಕಲು ಮಾಡುವುದು ಕಷ್ಟವಾಗಲಿಲ್ಲ. ತೈವಾನಿನ ಯುಎಂಸಿ ಕಂಪನಿ ಅದರ ಚಿಪ್ಪುಗಳ ಪಡಿಯಚ್ಚು ತಯಾರಿಸಿತು. ಮೈಕ್ರೊ ಜೀನಿಯಸ್ ಎಂಬ ಹೆಸರಿನ ಪೆಟ್ಟಿಗೆಗಳು ಅಲ್ಲಿಂದ ಲೋಕವಿಡೀ ಹರಡಿದವು. ಬರಬರುತ್ತ ಇಡೀ ಫ್ಯಾಮಿಕಾಮ್ ಒಂದೇ ಚಿಪ್ಪಿನೊಳಗೆ ಅಡಕವಾಯಿತು. ಮೊಳೆ ಬಿಚ್ಚಿ ನೋಡಿದರೆ ಹಸಿರು ಬೋರ್ಡಿನ ನಡುವೆ ಒಂದು ಕರಿ ಅಂಟಿನ ಗುಪ್ಪೆ, ಮತ್ತೇನೂ ಇಲ್ಲ. ರಷ್ಯಾದಲ್ಲಿ 1992ರಿಂದ ಇದೇ ಯಂತ್ರ ‘ಡೆಂಡಿ’ಯಾಗಿ ಮನೆಮಾತಾಯಿತು. ನಮ್ಮ ಸಮುರಾಯ್, ಲಿಟ್ಲ್ ಮಾಸ್ಟರ್‌ಗಳ ದೂರದ ನೆಂಟ ಅದು. ಹಕ್ಕುಸ್ವಾಮ್ಯದ ಕಣ್ಣಿನಲ್ಲಿ ಈ ನಕಲು, ಕಳ್ಳ ಕ್ಯಾಸೆಟ್ಟುಗಳ ಮಾರಾಟ ಎಲ್ಲ ಕಳವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಳವಿಲ್ಲದೆ ನಮ್ಮ ಒಂದು ತಲೆಮಾರು ಮಾರಿಯೋನನ್ನು ನೋಡುತ್ತಲೇ ಇರಲಿಲ್ಲ ಎನ್ನುವುದೂ ಅಷ್ಟೇ ನಿಜ. ನೇರ ದಾರಿಯಲ್ಲಿ ಬಂದ ಯಂತ್ರದ ಗತಿ ನೋಡಿ: 1995ರಲ್ಲಿ ಸೆಗಾ ಕಂಪನಿ ತನ್ನ ಮೆಗಾ ಡ್ರೈವ್ ಕನ್ಸೋಲನ್ನು ಭಾರತಕ್ಕೆ ತಂದಿತು. ಶೇ 80ರ ಆಮದು ಸುಂಕದಿಂದ ತಪ್ಪಿಸಿಕೊಳ್ಳಲು ಕೈಹಿಡಿದದ್ದು, ಮದ್ಯದ ವ್ಯಾಪಾರಕ್ಕೆ ಹೆಸರಾಗಿದ್ದ ಷಾ ವ್ಯಾಲೇಸ್ ಕಂಪನಿಯನ್ನು. ಅಷ್ಟಾದರೂ ಬೆಲೆ 18,000 ರೂಪಾಯಿ. ಆ ದುಡ್ಡಿಗೆ ಬಣ್ಣದ ಟಿ.ವಿ.ಯೇ ಬರುತ್ತಿದ್ದ ಕಾಲ ಅದು.

ನಕಲು ಯಂತ್ರದ ಆಟದಲ್ಲಿ ಒಂದು ಸೂಕ್ಷ್ಮವಿತ್ತು. ಜಪಾನಿನ ಟಿ.ವಿ. ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿತ್ತು. ನಮ್ಮ ಪಾಲ್ ಪದ್ಧತಿಯ ಟಿ.ವಿ. 50 ಸಲ. ಆಟದ ಗಡಿಯಾರ ನಡೆಯುವುದು ಈ ಬಡಿತದ ಮೇಲೆ. ಆದ್ದರಿಂದ 60ರ ಲೆಕ್ಕದಲ್ಲಿ ಬರೆದ ಆಟ ನಮ್ಮಲ್ಲಿ ಆರರಲ್ಲೊಂದು ಪಾಲು ನಿಧಾನವಾಗಿ ಓಡುತ್ತಿತ್ತು, ಹಾಡೂ ಅಷ್ಟೇ ಎಳೆದಂತೆ. ಇಂದು ಫೋನಿನಲ್ಲಿ ಅದೇ ಮಾರಿಯೋನನ್ನು ಮೂಲ ವೇಗದಲ್ಲಿ ಆಡಿದವರಿಗೆ ‘ಇವನ್ಯಾಕೆ ಇಷ್ಟು ಅವಸರದಲ್ಲಿದ್ದಾನೆ’ ಅನಿಸಿದರೆ ಅದು ವಯಸ್ಸಿನ ತಪ್ಪಲ್ಲ.

ಅದೇ ಪೆಟ್ಟಿಗೆಯಲ್ಲಿ ಬಾತುಕೋಳಿ ಹೊಡೆಯುವ ಆಟದ ಬಂದೂಕಿನ ಗುಟ್ಟು ಇನ್ನೂ ಸೊಗಸು. ಬಂದೂಕಿನಿಂದ ಏನೋ ಹೊರಟು ಟಿ.ವಿ.ಗೆ ತಾಗುತ್ತದೆಂದು ನಾವೆಲ್ಲ ನಂಬಿದ್ದೆವು. ‘ಪಿಕ್ಚರ್ ಟ್ಯೂಬ್ ಹೋದೀತು’ ಎಂದು ಮನೆಯ ಹಿರಿಯರು ಹೆದರುತ್ತಿದ್ದದ್ದೂ ಅದಕ್ಕೇ. ನಿಜದಲ್ಲಿ ಬಂದೂಕು ಬರೀ ಕಣ್ಣು. ಕುದುರೆ ಎಳೆದ ಕ್ಷಣ ಪರದೆ ಇಡಿಯಾಗಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಷ್ಟೇ ಒಂದು ಬಿಳಿ ಚೌಕ ಮೂಡುತ್ತದೆ. ನಳಿಕೆಯೊಳಗಿನ ಬೆಳಕಿನ ಸಂವೇದಕಕ್ಕೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಬಲ್ಬಿಗೆ ಬಂದೂಕು ಹಿಡಿದು ಮೋಸ ಮಾಡಲು ನೋಡಿದವರನ್ನು ಆ ಕತ್ತಲೆಯ ಕ್ಷಣವೇ ಹಿಡಿದುಹಾಕುತ್ತಿತ್ತು. ಇದೆಲ್ಲ ಸೆಕೆಂಡಿನ ಒಂದು ಸಣ್ಣ ಚೂರಿನೊಳಗೆ ಮುಗಿಯಬೇಕು. ಹಳೆಯ ಗಾಜಿನ ಟಿ.ವಿ. ಹೇಳಿದ ಕ್ಷಣಕ್ಕೆ ಬೆಳಗುತ್ತಿತ್ತು, ಎಲ್‌ಸಿಡಿ ಟಿ.ವಿ. ಚಿತ್ರವನ್ನು ಒಳಗೇ ಸಂಸ್ಕರಿಸಿ ತುಸು ತಡವಾಗಿ ತೋರಿಸುತ್ತದೆ. ಅಷ್ಟರಲ್ಲಿ ಬಂದೂಕಿನ ಕಣ್ಣು ಮುಚ್ಚಿರುತ್ತದೆ. ಗೋಡೆಗೆ ಚಪ್ಪಟೆ ಟಿ.ವಿ. ಬಂದ ದಿನದಿಂದ ಬಾತುಕೋಳಿಗಳು ಅಮರವಾದವು.

ಮನೆಯ ಹೊರಗೆ ಕಥೆ ಬೇರೆ ದಾರಿ ಹಿಡಿದಿತ್ತು. ಬೆಂಗಳೂರಿನಲ್ಲಿ ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಪಾರ್ಲರುಗಳು ಎದ್ದು, ಕೆಲವು ಆಟಗಳು ಜೂಜಿನ ರೂಪ ತಾಳಿದವು. ಪರವಾನಗಿ ಬೇಕೆಂದು ನಗರ ಪೊಲೀಸರು ಪಟ್ಟು ಹಿಡಿದರು; ಬೇಡವೆಂದು ಮಾಲೀಕರು ನ್ಯಾಯಾಲಯ ಹತ್ತಿದರು. ‘ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಆ ವ್ಯಾಜ್ಯದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಪೊಲೀಸರ ಪರ ನಿಂತಿತು: ಅದೃಷ್ಟ ಮೇಲುಗೈಯಾದ ಆಟ ಜೂಜು, ವ್ಯಾಪಾರದ ಹಕ್ಕಿದೆಯೆಂದು ಪರವಾನಗಿ ತಪ್ಪಿಸಿಕೊಳ್ಳುವಂತಿಲ್ಲ. ಕೌಶಲವೋ ಅದೃಷ್ಟವೋ ಎಂಬ ಆ ವಾದ ಇನ್ನೂ ಮುಗಿದಿಲ್ಲ. ಆನ್‌ಲೈನ್ ರಮ್ಮಿ, ಪೋಕರ್‌ಗಳನ್ನು ತಮಿಳುನಾಡು ನಿಷೇಧಿಸಹೊರಟಾಗ 2023ರಲ್ಲಿ ಮದ್ರಾಸ್ ಹೈಕೋರ್ಟ್ ಅವು ಕೌಶಲದ ಆಟವೆಂದಿತು. ಕರ್ನಾಟಕದ ಇಂಥದ್ದೇ ತಿದ್ದುಪಡಿಯನ್ನು 2022ರಲ್ಲಿ ಇಲ್ಲಿನ ಹೈಕೋರ್ಟ್ ತಳ್ಳಿಹಾಕಿತ್ತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ತಂದಿತು. ಇದರ ನಡುವೆ ಜೂಜಿಗೆ ಸಂಬಂಧವೇ ಇಲ್ಲದ ಆಟಗಳೂ ಆಗಾಗ ಅದೇ ಕಟಕಟೆಯಲ್ಲಿ ನಿಲ್ಲಬೇಕಾಗಿ ಬಂದದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಯಂತ್ರಗಳ ಕಥೆಗೆ ಮರಳಿದರೆ, 2000ದಲ್ಲಿ ಬಂದ ಪ್ಲೇಸ್ಟೇಷನ್ 2 ಕನ್ಸೋಲ್ ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮಲ್ಲಿ ಅದರ ಬಾಳಿಕೆ ವಿಚಿತ್ರವಾಗಿ ದೀರ್ಘ: ಪ್ಲೇಸ್ಟೇಷನ್ 3 ಬಂದು ವರ್ಷಗಳಾದ ಮೇಲೂ ಗಂಟೆ ಲೆಕ್ಕದಲ್ಲಿ ಕ್ರಿಕೆಟ್, ಕುಸ್ತಿ ಆಡಿಸುವ ಅಂಗಡಿಗಳಲ್ಲಿ ಅದೇ ಓಡುತ್ತಿತ್ತು. ಹೈದರಾಬಾದಿನವರು ‘ಹನುಮಾನ್: ಬಾಯ್ ವಾರಿಯರ್’ ಮಾಡಿದ್ದೂ, ಚಿನ್ನಿದಾಂಡು, ಕಬಡ್ಡಿಗಳನ್ನು ಪರದೆಗೆ ತಂದದ್ದೂ 2009ರಲ್ಲಿ, ಇದೇ ಒಂಬತ್ತು ವರ್ಷ ಹಳೆಯ ಯಂತ್ರಕ್ಕೆ. ಯೊಕೊಯ್ ಇದ್ದಿದ್ದರೆ ತಲೆದೂಗುತ್ತಿದ್ದ. ಅವನು 1997ರಲ್ಲೇ ತೀರಿಹೋಗಿದ್ದ.

ಅಷ್ಟರಲ್ಲಿ ಬೆಂಗಳೂರು ಇನ್ನೊಂದು ತುದಿಯಿಂದ ಈ ಲೋಕ ಹೊಕ್ಕಿತ್ತು. 1990ರ ದಶಕದಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ದೇಶದ ಮೊದಮೊದಲ ಗೇಮ್ ಸ್ಟುಡಿಯೋ. ‘ಫೋರ್ಜಾ’ದಂಥ ಆಟಗಳ ಕಾರುಗಳಿಗೆ ರೂಪ ಕೊಟ್ಟ ಕೈಗಳಲ್ಲಿ ಅವರದೂ ಇತ್ತು. 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಮಾಡುವ ರಾಕ್‌ಸ್ಟಾರ್ ಅದನ್ನು 79 ಲಕ್ಷ ಡಾಲರಿಗೆ ಕೊಂಡಿತು. ನಮ್ಮವರು ಹೆರವರ ಲೋಕಗಳಿಗೆ ಕಾರು, ಮರ, ಗೋಡೆ ಬರೆದುಕೊಟ್ಟರು. ನಮ್ಮ ಬೀದಿ ಆಟದೊಳಗೆ ಬರಲು ತಡವಾಯಿತು.

ಬಂದಾಗ ಕೆನಡಾದಿಂದ ಬಂತು. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ಹೊರತಂದ ‘ವೆಣ್ಬಾ’ದಲ್ಲಿ ಗುಂಡಿಲ್ಲ, ಶತ್ರುವಿಲ್ಲ. 1980ರ ದಶಕದಲ್ಲಿ ತಮಿಳುನಾಡಿನಿಂದ ವಲಸೆ ಹೋದ ತಾಯಿಯೊಬ್ಬಳು ತನ್ನಮ್ಮನ ಹರಿದ ಅಡುಗೆ ಪುಸ್ತಕ ಹಿಡಿದು ಅಡುಗೆ ಮಾಡುತ್ತಾಳೆ. ಅಳಿಸಿಹೋದ ಸಾಲುಗಳಲ್ಲಿ ಏನಿತ್ತೆಂದು ಊಹಿಸುವುದೇ ಆಟ. 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಅದಕ್ಕೆ ಚೊಚ್ಚಲ ಆಟದ ಪ್ರಶಸ್ತಿ ಕೊಟ್ಟಿತು. ಮೊದಲ ಅಡುಗೆ ಇಡ್ಲಿ. ಪಾತ್ರೆಗೆ ನೀರೆಷ್ಟು, ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಬೇಕು ಎಂದು ಲಂಡನ್ನಿನ ಆಟಗಾರರು ತಲೆ ಕೆರೆದುಕೊಳ್ಳುವ ಹಂತ ಅದು. ವೆಟ್ ಗ್ರೈಂಡರಿಗೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಕೊಯಮತ್ತೂರಿನವರಿಗೆ, ಮನೆಯಲ್ಲಿ ಕನ್ನಡವಾಗಲಿ ತಮಿಳಾಗಲಿ, ಅಲ್ಲಿ ಸುಳಿವಿನ ಗುಂಡಿ ಒತ್ತಬೇಕಾಗುವುದಿಲ್ಲ.